ಸ್ಲೋಸ್ಪೀಡ್ ರಾಯರು

ಬಾನೆಟ್ ಎತ್ತಿ ನಿಂತ ಕಾರನ್ನು ಕಂಡೂ ಸುಮ್ಮನೆ ದಾಟಿಹೋಗುವ ಗಂಡಸು ದಕ್ಷಿಣ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಹಾಲು ತರಲು ಹೊರಟವರು ಹಾಲು ಮರೆತು ನಿಲ್ಲುತ್ತಾರೆ. ಕೈ ಬೆನ್ನಿಗೆ ಕಟ್ಟಿಕೊಂಡು, ಕತ್ತು ಚಾಚಿ ಒಳಗೆ ಇಣುಕಿ, ‘ಬ್ಯಾಟರಿನಾ?’ ಅನ್ನುತ್ತಾರೆ. ಅಲ್ಲವೆಂದರೆ ‘ಹಾಗಾದ್ರೆ ಪ್ಲಗ್ಗು’ ಎಂದು ತೀರ್ಪು ಕೊಟ್ಟು ಹೊರಡುತ್ತಾರೆ. ಇವರೆಲ್ಲ ಹವ್ಯಾಸಿಗಳು. ನಮ್ಮ ರಸ್ತೆಯ ರಾಯರದು ಪೂರ್ಣಾವಧಿ ಪ್ರಾಕ್ಟೀಸು.

ರಾಯರು ಬ್ಯಾಂಕಿನಿಂದ ನಿವೃತ್ತರು. ಅವರ ಬಳಿ ಇರುವುದು 1998ರ ಮಾರುತಿ 800, ಬಿಳಿ ಬಣ್ಣ, ಕಾರ್ಬೊರೇಟರ್ ಮಾಡೆಲ್ಲು. ಹದಿನೈದು ವರ್ಷ ಮುಗಿದ ಮೇಲೂ ಆರ್‌ಟಿಒ ಮೆಟ್ಟಿಲು ಹತ್ತಿ, ಐದೈದು ವರ್ಷಕ್ಕೊಮ್ಮೆ ಅದರ ಆಯುಷ್ಯ ಬರೆಸಿಕೊಂಡು ಬರುತ್ತಾರೆ. ಮಗ ಹೊಸ ಕಾರು ಕೊಡಿಸುತ್ತೇನೆಂದರೆ ‘ಅದಕ್ಕೇನಾದ್ರೂ ಆದ್ರೆ ಲ್ಯಾಪ್‌ಟಾಪ್ ಹಚ್ಚಿ ನೋಡ್ಬೇಕಂತೆ. ಮತ್ತೆ ನನಗೆ ಕಿವಿ ಯಾಕಿರೋದು?’ ಎನ್ನುತ್ತಾರೆ. 800ರಲ್ಲಿ ಆರ್‌ಪಿಎಂ ಮೀಟರೂ ಇಲ್ಲ. ಇಲ್ಲದಿದ್ದುದೇ ಒಳ್ಳೆಯದಾಯಿತು, ಇದ್ದಿದ್ದರೆ ರಾಯರಿಗೂ ಅದಕ್ಕೂ ದಿನಾ ಜಗಳವಾಗುತ್ತಿತ್ತು.

ಕಾರಿನ ಕಾಯಿಲೆ ಇಷ್ಟೇ: ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರಿಲ್ಲ, ಓಡುವಾಗಲೂ ತಕರಾರಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಚಳಿಜ್ವರ. ಸ್ಟೇರಿಂಗ್ ನಡುಗುತ್ತದೆ, ಗ್ಲಾಸು ಗಡಗಡ ಅನ್ನುತ್ತದೆ, ಕನ್ನಡಿಯಲ್ಲಿ ಹಿಂದಿನ ಆಟೋ ಎರಡೆರಡಾಗಿ ಕಾಣುತ್ತದೆ. ಹಸಿರು ದೀಪ ಬಂದು ಆಕ್ಸಿಲರೇಟರ್ ಒತ್ತಿದರೆ ಕಾರು ಒಂದು ಕ್ಷಣ ಯೋಚಿಸಿ, ಒಂದು ಜರ್ಕ್ ಹೊಡೆದು, ಆಮೇಲೆ ಹೊರಡುತ್ತದೆ. ಅಷ್ಟರೊಳಗೆ ಹಿಂದಿನವರು ರಾಯರ ವಂಶಾವಳಿಯನ್ನೆಲ್ಲ ಹಾರ್ನಿನಲ್ಲೇ ಹೇಳಿ ಮುಗಿಸಿರುತ್ತಾರೆ. ಬೇರೆ ಊರಿನಲ್ಲಾದರೆ ಇದು ಸಣ್ಣ ತೊಂದರೆ. ಬೆಂಗಳೂರಿನಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ್ದರಿಂದ, ಇಲ್ಲಿ ಪಿಕಪ್‌ಗಿಂತ ಸ್ಲೋಸ್ಪೀಡೇ ಮುಖ್ಯ ಎಂಬುದು ರಾಯರ ಸಿದ್ಧಾಂತ. ಇದನ್ನು ನಾನೂ ಒಪ್ಪುತ್ತೇನೆ.

ಕಾರಣದ ಬಗ್ಗೆ ಅವರಲ್ಲಿ ಆಯಾ ಕಾಲಕ್ಕೆ ತಕ್ಕ ಸಿದ್ಧಾಂತಗಳಿವೆ. ಮೊದಮೊದಲು ಬಂಕಿನವರು ಸೀಮೆಎಣ್ಣೆ ಬೆರೆಸುತ್ತಿದ್ದರು. 2000ದ ಫೆಬ್ರವರಿಯಲ್ಲಿ ದೇಶದೆಲ್ಲೆಡೆ ಸೀಸದ ಪೆಟ್ರೋಲ್ ನಿಂತಿತಲ್ಲ, ಅಂದಿನಿಂದ ‘ಸೀಸ ಹೋಯ್ತು, ವಾಲ್ವ್ ಸೀಟೂ ಹೋಯ್ತು’ ಆಯಿತು. 2023ರ ಫೆಬ್ರವರಿಯಲ್ಲಿ ಇಪ್ಪತ್ತು ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ರಾಯರು ಅದನ್ನು ತಮ್ಮ ಕಾರಿನ ಮೇಲೆ ನಡೆದ ನೇರ ದಾಳಿ ಎಂದೇ ಭಾವಿಸಿದ್ದಾರೆ. ‘ಕಬ್ಬಿನ ಹಾಲು ಕುಡಿಸಿದ್ರೆ ಓಡುತ್ತೇನ್ರೀ?’ ಹಳೆಯ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ ಎಂಬುದು ನಿಜವೇ. ಆದರೆ ರಾಯರು ರಬ್ಬರ್ ಪೈಪುಗಳ ಕಡೆ ತಿರುಗಿಯೂ ನೋಡಿದವರಲ್ಲ. ಪೈಪಿನಲ್ಲಿ ಗೌರವವಿಲ್ಲ. ಗೌರವವೆಲ್ಲ ಕಾರ್ಬೊರೇಟರಿನದು.

ಭಾನುವಾರ ಎರಡನೇ ಕಾಫಿಯಾದ ಮೇಲೆ ಶಸ್ತ್ರಚಿಕಿತ್ಸೆ. ಹಳೆಯ ಬನಿಯನ್ನು, ಮಡಿಚಿ ಕಟ್ಟಿದ ಪಂಚೆ, ಕಿವಿಯ ಮೇಲೆ ಸ್ಕ್ರೂಡ್ರೈವರ್. ಏರ್‌ಫಿಲ್ಟರ್ ಬಿಚ್ಚಿ ಬಿಸಿಲಿಗೆ ಹಿಡಿಯುವುದು, ಪ್ಲಗ್ ಕಳಚಿ ಬಣ್ಣ ನೋಡುವುದು. ಬಿಸ್ಕತ್ತಿನ ಬಣ್ಣವಿದ್ದರೆ ಸರಿ. ಕರೀ ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ. ಬಿಳಿಚಿಕೊಂಡಿದ್ದರೆ ಗಾಳಿ ಜಾಸ್ತಿ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕೆಂದು ಅವರು ಹೋಗಿಬರುವ ಹುಡುಗರಿಗೆಲ್ಲ ಬಾಯಿಪಾಠ ಮಾಡಿಸಿದ್ದಾರೆ. ತರಕಾರಿ ಗಾಡಿಯವನಿಗೂ ಅದು ಗೊತ್ತು.

ಆಮೇಲೆ ಎಂಜಿನ್ ಚಾಲೂ ಇರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೀಳುವ ಪರೀಕ್ಷೆ. ಮೂರೇ ಸಿಲಿಂಡರಿನ ಎಂಜಿನ್ನು. ಯಾವ ವೈರು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸಂಬಳ ತೆಗೆದುಕೊಂಡು ಕೆಲಸ ಮಾಡುತ್ತಿಲ್ಲ ಎಂದರ್ಥ. ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ಶಾಕ್ ಹೊಡೆಯುತ್ತದೆ, ರಾಯರು ‘ಹ್ಞಾ!’ ಎಂದು ಒಂದಡಿ ಹಿಂದೆ ಹಾರುತ್ತಾರೆ, ‘ಕರೆಂಟ್ ಚೆನ್ನಾಗಿದೆ’ ಎಂದು ಷರಾ ಬರೆಯುತ್ತಾರೆ. ಮೂರು ಸಿಲಿಂಡರೂ ಸರಿಯಾಗಿಯೇ ದುಡಿಯುತ್ತಿವೆ ಎಂದು ಪ್ರತಿ ವಾರವೂ ಫಲಿತಾಂಶ ಬರುತ್ತದೆ. ಮೂರೂ ಸರಿಯಿದ್ದರೆ ತಪ್ಪು ಮೂರಕ್ಕೂ ಸೇರಿದ ಜಾಗದಲ್ಲಿರಬೇಕಲ್ಲವೇ? ಈ ಪ್ರಶ್ನೆಯವರೆಗೆ ಬಂದು ರಾಯರು ಸ್ಕ್ರೂ ತಿರುಗಿಸಲು ಹೋಗಿಬಿಡುತ್ತಾರೆ.

ಆ ಸ್ಕ್ರೂ ಅವರ ಪ್ರಾಣ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಹೊರಗೆ, ಸ್ಪೀಡ್ ಸ್ಕ್ರೂವನ್ನು ಕೂದಲೆಳೆಯಷ್ಟು ಒಳಗೆ. ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳುತ್ತಾರೆ. ನಡುಕ ತಗ್ಗುತ್ತದೆ. ಆಗ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಏರ್‌ಫಿಲ್ಟರಿನ ಮುಚ್ಚಳದ ಮೇಲೆ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಒಳ್ಳೆಯ ಎಂಜಿನ್ನಿನ ಮೇಲೆ ನಾಣ್ಯ ನಿಲ್ಲಬೇಕು ಎಂದು ಯಾವ ಪುಣ್ಯಾತ್ಮ ಹೇಳಿದನೋ! ಮೂರು ಸಿಲಿಂಡರಿಗೆ ಹುಟ್ಟಿನಿಂದಲೇ ಒಂದಿಷ್ಟು ನಡುಕವಿರುತ್ತದೆ. ಶೋರೂಮಿನಿಂದ ಬಂದ ದಿನವೂ ಅದರ ಮೇಲೆ ನಾಣ್ಯ ನಿಂತಿರಲಾರದು. ನಾಣ್ಯ ಒಂದು ಸುತ್ತು ಕುಣಿದು ಎಂಜಿನ್ನಿನ ಸಂದಿಯೊಳಗೆ ಬೀಳುತ್ತದೆ. ರಾಯರು ಇನ್ನೊಂದು ತೆಗೆಯುತ್ತಾರೆ. ಬುಧವಾರದ ಹೊತ್ತಿಗೆ ಕಾರು ಮತ್ತೆ ಮೊದಲಿನಂತೆ.

ಹೀಗಿರಲು ರಾಯರು ಶಿವಮೊಗ್ಗಕ್ಕೆ ಒಂದು ಮದುವೆಗೆ ಹೋದರು. ಅವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುವವರು, ಕೂಡಲೇ ಕಾರನ್ನು ಮೂಲೆಯ ಗ್ಯಾರೇಜಿಗೆ ಕೊಂಡೊಯ್ದರು. ಜೊತೆಗೆ ನನ್ನನ್ನೂ ಕರೆದರು, ಸಾಕ್ಷಿಗೆ. ಗ್ಯಾರೇಜಿನ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಕಾರು ಅವನಿಗಿಂತ ಹಿರಿಯದು. ಅವನು ಕಣ್ಣು ಮುಚ್ಚಲಿಲ್ಲ, ಪ್ಲಗ್ಗು ಬಿಚ್ಚಲಿಲ್ಲ. ಚಾಲೂ ಇದ್ದ ಎಂಜಿನ್ನಿಗೆ ಬಗ್ಗಿ, ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುವ ರಬ್ಬರ್ ಪೈಪುಗಳನ್ನು ಇಕ್ಕಳದಿಂದ ಒಂದೊಂದಾಗಿ ಹಿಸುಕುತ್ತಾ ಬಂದ. ಕಿರುಬೆರಳಿಗಿಂತ ಸಣ್ಣದೊಂದನ್ನು ಹಿಸುಕಿದಾಗ ಎಂಜಿನ್ನು ನಿಟ್ಟುಸಿರಿಟ್ಟು ನೆಟ್ಟಗಾಯಿತು. ಬಿಟ್ಟ, ನಡುಗಿತು. ಮತ್ತೆ ಹಿಸುಕಿದ, ನಡುಕ ನಿಂತಿತು.

‘ಏರ್ ಎಳೀತಿದೆ ಅಕ್ಕಾ. ಪೈಪ್ ಒಣಗಿ ಸೀಳಿಬಿಟ್ಟಿದೆ’ ಅಂದ.

ಕಾರ್ಬೊರೇಟರಿಗೆ ಲೆಕ್ಕ ಕೊಡದೆ ಆ ಸೀಳಿನಿಂದ ಕಳ್ಳಗಾಳಿ ಒಳಹೋಗುತ್ತಿತ್ತು. ನಿಂತಾಗ ಎಂಜಿನ್ನಿಗೆ ಬೇಕಾದ ಗಾಳಿಯೇ ಸ್ವಲ್ಪ, ಹಾಗಾಗಿ ಕದ್ದದ್ದು ದೊಡ್ಡದಾಗಿ ಕಾಣುತ್ತದೆ. ವೇಗದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಕಳ್ಳಗಾಳಿಗೆ ಸರಿದೂಗಿಸಲು ರಾಯರು ವಾರವಾರವೂ ಪೆಟ್ರೋಲ್ ಹೆಚ್ಚಿಸುತ್ತಿದ್ದರು, ಸೀಳು ತನ್ನ ಪಾಡಿಗೆ ಬೆಳೆಯುತ್ತಿತ್ತು. ಹುಡುಗ ಗೇಣುದ್ದದ ಹೊಸ ಪೈಪು ಹಾಕಿ, ರಾಯರ ಅಷ್ಟೂ ಭಾನುವಾರಗಳನ್ನು ಸ್ಕ್ರೂಡ್ರೈವರಿನಲ್ಲಿ ಹಿಂದಕ್ಕೆ ತಿರುಗಿಸಿದ. ಆಮೇಲೆ ಬ್ಯಾಟರಿ ಟ್ರೇಗೆ ಕೈ ಹಾಕಿ, ಗ್ರೀಸು ಮೆತ್ತಿದ ಒಂದು ಹಿಡಿ ನಾಣ್ಯ ಹೊರತೆಗೆದ. ‘ಸಾರು ಹುಂಡಿ ಇಟ್ಕೊಂಡಿದಾರಾ ಅಕ್ಕಾ?’ ಅವನ ಕೂಲಿ ಅದರಲ್ಲೇ ತೀರಿತು ಎಂದು ಅಕ್ಕ ಈಗಲೂ ಹೇಳುತ್ತಾರೆ, ಅಷ್ಟಿರಲಿಲ್ಲ, ಚಹಾಕ್ಕಾಗುವಷ್ಟಿತ್ತು.

ಊರಿನಿಂದ ಬಂದ ರಾಯರಿಗೆ ಯಾರೂ ಏನೂ ಹೇಳಲಿಲ್ಲ. ಭಾನುವಾರ ಕಾಫಿ ಮುಗಿಸಿ, ಕಿವಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ಬಂದು ಕಾರು ಸ್ಟಾರ್ಟ್ ಮಾಡಿದರು. ಬಾನೆಟ್ ಎತ್ತಿದರು. ಕಿವಿಗೊಟ್ಟರು. ಮುಖ ಬಾಡಿತು. ಮಿಕ್ಸ್ಚರ್ ಸ್ಕ್ರೂ ಮೇಲೆ ಕೈಯಿಟ್ಟು, ಏನು ಮಾಡಬೇಕೆಂದು ತೋಚದೆ ತೆಗೆದರು. ಒಳಗೆ ಹೋಗಿ ಕುಳಿತರು. ಸ್ಟೇರಿಂಗ್ ನಡುಗುತ್ತಿರಲಿಲ್ಲ, ಗ್ಲಾಸು ಗಡಗಡ ಅನ್ನುತ್ತಿರಲಿಲ್ಲ. ಆಫ್ ಆಗಿದೆ ಅಂದುಕೊಂಡರೋ ಏನೋ, ಓಡುತ್ತಿದ್ದ ಎಂಜಿನ್ನಿಗೇ ಇನ್ನೊಮ್ಮೆ ಕೀ ತಿರುಗಿಸಿಬಿಟ್ಟರು. ‘ಕರ್ರ್ರ್’ ಎಂಬ ಸದ್ದಿಗೆ ಎದುರುಮನೆಯ ನಾಯಿ ಎದ್ದು ಕೂತಿತು.

ರಾಯರು ಬಾಗಿಲು ತೆರೆದು ಹೊರಬಂದರು. ಮುಖದಲ್ಲಿ ಕಳೆ ಬಂದಿತ್ತು.

‘ಕೇಳಿಸ್ತೇನ್ರೀ?’ ಎಂದರು ನನಗೆ. ‘ಸ್ಟಾರ್ಟರ್ ಪಿನಿಯನ್ನು. ಹಲ್ಲು ಸವೆದಿದೆ. ಬನ್ನಿ, ಒಂದು ಕೈ ಹಿಡೀರಿ, ಬಿಚ್ಚೇಬಿಡೋಣ.’