ಹಾವೇರಿ ಸೀಮೆಯ ಪದವೀಧರರ ಘನಸಾಧನೆಗಳು: ಒಂದು ಗಂಭೀರ ಶೋಧ

ಪೀಠಿಕೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಹೆಸರಾಂತ ಪದವೀಧರರ ಪಟ್ಟಿ ತಯಾರಿಸುವುದು ಪ್ರಸ್ತುತ ಸಂಪ್ರಬಂಧದ ಉದ್ದೇಶ. ಮೂರೂರಿಗೆ ನಿಂತರೆ ಪುಟ ತುಂಬಲಿಕ್ಕಿಲ್ಲ ಎಂಬ ಅಂಜಿಕೆಯಿಂದ ವ್ಯಾಪ್ತಿಯನ್ನು ಇಡೀ ಜಿಲ್ಲೆಗೆ ಹಿಗ್ಗಿಸಲಾಗಿದೆ. ಸಂಶೋಧಕರು ಇದನ್ನು ಸಮಗ್ರ ದೃಷ್ಟಿ ಎನ್ನುತ್ತಾರೆ.

ಮೊದಲ ತೊಡಕು

ಪದವೀಧರನಿಗೆ ಒಂದು ವಿಶ್ವವಿದ್ಯಾಲಯ ಬೇಕು. ಬಹುಕಾಲ ಇಲ್ಲಿಯವರು ಮನೆಯೂಟ ಉಂಡು ಊರ ಕಾಲೇಜಿನಲ್ಲೇ ಕಲಿತರೂ ಪದವಿಪತ್ರದ ಮೇಲೆ ಧಾರವಾಡದ ಮುದ್ರೆಯೇ. ಹಾವೇರಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು ಮೊನ್ನೆ ಮೊನ್ನೆ. 2025ರ ಆರಂಭಕ್ಕಾಗಲೇ, ಮುಚ್ಚಬಹುದಾದ ಹೊಸ ವಿಶ್ವವಿದ್ಯಾಲಯಗಳೆಂದು ಸಂಪುಟ ಉಪಸಮಿತಿ ಗುರುತಿಸಿದ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ವಿದ್ಯಾರ್ಥಿಗಳು ಹಳೆಯ ವಿದ್ಯಾರ್ಥಿಗಳಾಗುವ ಮೊದಲೇ ವಿಶ್ವವಿದ್ಯಾಲಯ ಹಳೆಯದಾಗುವ ಈ ಸಾಧ್ಯತೆಯನ್ನು ಉನ್ನತ ಶಿಕ್ಷಣಕ್ಕೆ ನಮ್ಮ ಕೊಡುಗೆಯೆಂದು ದಾಖಲಿಸಬೇಕು.

ಪ್ರಮೇಯ 1: ಇಂಗ್ಲಿಷ್ ಕಲಿತವರಿಂದ ಕನ್ನಡಕ್ಕೆ ಲಾಭವಿದೆ

ಸವಣೂರಿನ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದು ಬಂದರು. 1981ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಪಟ್ಟ ಸಿಗಲೆಂದು ವರದಿ ಕೊಟ್ಟರು. ಅದೇ ಸೀಮೆಯ ಹತ್ತಿಮತ್ತೂರಿನ ಚಂಪಾ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಆ ವರದಿ ಜಾರಿಯಾಗಲೆಂದು ಬೀದಿಗಿಳಿದರು. ಕುರುಬಗೊಂಡದ ಪಾಟೀಲ ಪುಟ್ಟಪ್ಪ ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮ ಓದಿ ಬಂದು ಕನ್ನಡದ ಕಾವಲಿಗೆ ನಿಂತರು. ಕನ್ನಡ ಎಂ.ಎ. ಮಾಡಿದವರು ಆಗ ಎಲ್ಲಿದ್ದರು ಎಂಬುದು ಪ್ರತ್ಯೇಕ ಅಧ್ಯಯನದ ವಿಷಯ.

ಪ್ರಮೇಯ 2: ದೊಡ್ಡವರು ಪದವಿಯ ಕೈಗೆ ಸಿಗುವುದಿಲ್ಲ

ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯೊಂದಿಗೆ ದಂಡಿಗೆ ನಡೆದರು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಕೊಟ್ಟರು. ಘಟಿಕೋತ್ಸವಕ್ಕೆ ಹೋಗಲು ಬಿಡುವಾಗಲಿಲ್ಲ. ಕಾಗಿನೆಲೆಯ ಕನಕದಾಸರು ಅಂಕಪಟ್ಟಿ ಸಲ್ಲಿಸಿಲ್ಲ. ಶಿಶುನಾಳ ಶರೀಫರು ಮುಲ್ಕಿ ಪಾಸು ಮಾಡಿ, ಸಿಕ್ಕಿದ್ದ ಮಾಸ್ತರಿಕೆಯನ್ನೂ ಬಿಟ್ಟುಬಿಟ್ಟರು. ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿಯವರ ಶಾಲೆ ಚಿಕ್ಕಂದಿನಲ್ಲೇ ನಿಂತಿತು. ಈಗ ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಓದು ಸಾಲದೆಂದು ಅಲ್ಲಿ ಯಾರ ಅರ್ಜಿಯಾದರೂ ತಿರಸ್ಕೃತವಾದರೆ, ತಿರಸ್ಕಾರದ ಕಾಗದದ ನೆತ್ತಿಯಲ್ಲೂ ಆ ಹೆಸರೇ ಇರುತ್ತದೆ.

ಕ್ಷೇತ್ರಕಾರ್ಯ

ಬ್ಯಾಡಗಿ: ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ದಲಾಲಿ ಅಂಗಡಿಯೊಂದರಲ್ಲಿ ನಡೆದ ಮೌಖಿಕ ಪರೀಕ್ಷೆ ಹೀಗಿತ್ತು:

"ಏನ್ ಕಲ್ತೀಯಪಾ?"

"ಎಂ.ಕಾಂ. ರೀ, ಸಾವ್ಕಾರ್ರ."

"ಇದರಾಗ ಡಬ್ಬಿ ಯಾವ್ದು, ಕಡ್ಡಿ ಯಾವ್ದು, ತೋರಸು."

ಅಭ್ಯರ್ಥಿ ಸೀನಿದ. ಪಕ್ಕದಲ್ಲಿ ತೊಟ್ಟು ಮುರಿಯುತ್ತಿದ್ದ ಅಜ್ಜಿ, ತಲೆಯೆತ್ತದೆ, ಗಿಡ್ಡನೆಯ ಸುಕ್ಕುಗಟ್ಟಿದ ಕಾಯನ್ನು ಒಂದು ಕಡೆ, ಸಪೂರ ಕಾಯನ್ನು ಇನ್ನೊಂದು ಕಡೆ ಎಸೆದಳು. ಅಭ್ಯರ್ಥಿಗೆ ಲೆಕ್ಕ ಬರೆಯುವ ಕೆಲಸ ಸಿಕ್ಕಿತು, ಅಜ್ಜಿಯದು ದಿನಗೂಲಿಯೇ.

ರಾಣೆಬೆನ್ನೂರು: ಬೀಜದ ಊರು. ಸಂಜೆ ಹೂಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವ ಕೆಲಸವನ್ನು ಹೊಲದ ಹೆಣ್ಣುಮಕ್ಕಳು 'ಕ್ರಾಸಿಂಗ್' ಎನ್ನುತ್ತಾರೆ. ಅದನ್ನೇ ಕೃಷಿ ಪದವೀಧರರು ಪಿಪಿಟಿ ತೋರಿಸಿ ಅವರಿಗೆ ವಿವರಿಸುತ್ತಾರೆ. ಹೆಣ್ಣುಮಕ್ಕಳು ತಾಳ್ಮೆಯಿಂದ ಕೇಳಿ ಚಹಾ ಕುಡಿದು ಹೊಲಕ್ಕೆ ಹೋಗುತ್ತಾರೆ.

ಗೊಟಗೋಡಿ: 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯದ ನೆಲೆ. ಬೀಸುಕಲ್ಲಿನ ಪದ ಹಾಡಿದ ಆಯಿ ವಕ್ತೃ. ಅದನ್ನು ಮೊಬೈಲಿಗೆ ಇಳಿಸಿಕೊಂಡ ಮೊಮ್ಮಗ ಎಂ.ಎ., ಪ್ರಥಮ ದರ್ಜೆ.

ಉಪಸಂಹಾರ

ಮೇಲಿನ ಆಧಾರಗಳಿಂದ ಸಿದ್ಧವಾಗುವುದೇನೆಂದರೆ, ಈ ಸೀಮೆಯಲ್ಲಿ ಪದವಿ ಇಲ್ಲದವರು ಕಚ್ಚಾ ಸಾಮಗ್ರಿ ಒದಗಿಸುತ್ತಾರೆ, ಪದವಿ ಇದ್ದವರು ಅಡಿಟಿಪ್ಪಣಿ ಬರೆಯುತ್ತಾರೆ. ಆದ್ದರಿಂದ ಮುಂದಿನ ಪೀಳಿಗೆಗೆ ನಮ್ಮ ಸಲಹೆ: ಪದವಿಯಿಲ್ಲದೆ ಸಾಧನೆ ಮಾಡಿದರೆ ನಿಮ್ಮ ಮೇಲೆ ಬೇರೆಯವರು ಪಿಎಚ್.ಡಿ. ಮಾಡುತ್ತಾರೆ; ಪದವಿ ಪಡೆದಿರೋ, ಅದನ್ನೂ ನೀವೇ ಮಾಡಿಕೊಳ್ಳಬೇಕಾಗುತ್ತದೆ.