ಇನ್ನೂ ಅವತರಿಸದ ಕಾವೇರಿ ಆರನೆಯ ಹಂತಕ್ಕೊಂದು ಬಹಿರಂಗ ಪತ್ರ

ಕಾವೇರಿ ಕುಡಿಯುವ ನೀರಿನ ಯೋಜನೆಯ ಆರನೆಯ ಹಂತದವರ ಸನ್ನಿಧಾನಕ್ಕೆ, ಬೆಂಗಳೂರಿನ ಹೊರವಲಯದ ಬಡಾವಣೆಯೊಂದರ ನಿವಾಸಿಯ ಸವಿನಯ ವಂದನೆಗಳು.

ತಾವಿನ್ನೂ ಕಡತದ ಗರ್ಭದಲ್ಲಿರುವಾಗಲೇ ಪತ್ರ ಬರೆಯುವ ನನ್ನ ಆತುರವನ್ನು ಮನ್ನಿಸಬೇಕು. 1974ರಲ್ಲಿ ತಮ್ಮ ಹಿರಿಯಣ್ಣನವರು ಈ ನಗರಕ್ಕೆ ಬಿಜಯಂಗೈದಂದಿನಿಂದ ಮೊದಲ್ಗೊಂಡು, 2024ರ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾಣಿಕೆ ಹೊತ್ತು ಐದನೆಯವರು ದಯಮಾಡಿಸುವವರೆಗೆ, ಬಂದವರಲ್ಲಿ ಒಬ್ಬರೂ ನಮಗೆ ಸಾಕಾಗಲಿಲ್ಲ. ದೋಷ ಅವರದಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ನಡೆದು, ಸುಮಾರು 500 ಮೀಟರು ಎತ್ತರವನ್ನು ಪಂಪುಗಳ ಕೈಹಿಡಿದು ಏರಿ, ಏದುಸಿರಿನೊಡನೆ ಅವರು ಊರ ಬಾಗಿಲು ಮುಟ್ಟುವಷ್ಟರಲ್ಲಿ, ಅವರ ಹೆಸರು ಹೇಳಿಯೇ ನಾವು ಮತ್ತಷ್ಟು ನಿವೇಶನಗಳನ್ನು ಮಾರಿ ಮುಗಿಸಿರುತ್ತೇವೆ.

ನಡುವಣ ಬಾಯಾರಿಕೆಗೆ ಅಂತರ್ಜಲವಿದೆಯೆಂಬ ಶ್ರದ್ಧೆ ನಮ್ಮೊಬ್ಬರದೇ ಅಲ್ಲ. ಕುಡಿಯುವ ನೀರಿನ ಅರ್ಧಭಾಗ ನೆಲದಡಿಯಿಂದಲೇ ಒದಗುವುದೆಂದು 2007ರಲ್ಲಿ ಕಾವೇರಿ ನ್ಯಾಯಾಧಿಕರಣವೂ ಭಾವಿಸಿತ್ತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಭಾವನೆಯನ್ನೊಪ್ಪದೆ ನಗರಕ್ಕೆ 4.75 ಟಿಎಂಸಿ ನೀರನ್ನು ಹೆಚ್ಚಾಗಿ ಕರುಣಿಸಿತು. ನಾವು ಮಾತ್ರ ನಮ್ಮ ಶ್ರದ್ಧೆಯನ್ನು ಬಿಡಲಿಲ್ಲ. 2024ರ ಬೇಸಗೆಯಲ್ಲಿ ಸರ್ಕಾರದ ಸುಮಾರು 14,000 ಕೊಳವೆ ಬಾವಿಗಳ ಪೈಕಿ ಅರ್ಧದಷ್ಟು ಬತ್ತಿದವೆಂದು ಸರ್ಕಾರವೇ ಹೇಳಿದಾಗ, ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಪಾಯಿಂಟು ತೋರಿಸುವವರನ್ನು ಕರೆಸಿ, ಕಗ್ಗಲ್ಲನ್ನು ಇನ್ನೂ ಇನ್ನೂರು ಅಡಿ ಕೊರೆಸಲು ಸರ್ವಾನುಮತದಿಂದ ನಿರ್ಣಯಿಸಿದರು. ಮೇಲಿನಿಂದ ಏನೂ ಇಳಿಯದ ಬಿರುಕಿನಲ್ಲಿ ಕೆಳಗೆ ಏನಿದ್ದೀತೆಂದು ಕೇಳಿದವರನ್ನು ಅಭಿವೃದ್ಧಿ ವಿರೋಧಿಗಳೆಂದರು.

ಇಳಿಯಬೇಕಾದ ಮಳೆಗೆ ಇಲ್ಲಿ ಎಡೆಯೆಲ್ಲಿ? ಧರ್ಮಾಂಬುಧಿ ಕೆರೆಯಲ್ಲಿ ಬಸ್ಸುಗಳು ತಂಗುತ್ತವೆ. ಸಂಪಂಗಿ ಕೆರೆಯಲ್ಲಿ ಆಟ ನಡೆಯುತ್ತದೆ. 1894ರ ಹೆಸರಘಟ್ಟವೂ 1933ರ ತಿಪ್ಪಗೊಂಡನಹಳ್ಳಿಯೂ ಅರ್ಕಾವತಿಯ ನೀರನ್ನು ಈ ಊರಿಗೆ ಉಣಿಸಿದ ಹಿರಿಯ ಜಲಾಶಯಗಳು; ಆ ನದಿಯ ಅಡಿಯ ನೀರನ್ನೂ ಹೀರಿ, ಅವುಗಳಿಗೆ ಕಡ್ಡಾಯ ನಿವೃತ್ತಿಯಿತ್ತೆವು. ನಾವು ಬಳಸಿ ಬಿಟ್ಟ ಕೊಳಚೆಯನ್ನು ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿ, 2018ರಿಂದ ಕೋಲಾರದ ಕೆರೆಗಳಿಗೆ ದಾನಮಾಡುತ್ತಿದ್ದೇವೆ. ಅದನ್ನು ಪೂರ್ಣವಾಗಿ ಶುದ್ಧೀಕರಿಸಿ ನಾವೇ ಬಳಸುವುದು ನಮ್ಮ ಅಂತಸ್ತಿಗೆ ಕುಂದು. ಅರೆಶುದ್ಧವಾಗಿ ನೆರೆಯವರಿಗೆ ಕೊಡುವುದು ಔದಾರ್ಯ!

ಆದಕಾರಣ ತಮ್ಮಲ್ಲಿ ವಿಜ್ಞಾಪನೆ: ತಾವು ಬರುವ ದಿನವನ್ನು ಗೋಪ್ಯವಾಗಿಡಬೇಕು. ಇದಕ್ಕೆ ನಮ್ಮ ಸಂಘದ ಅಧ್ಯಕ್ಷರ ಸಮ್ಮತಿಯಿಲ್ಲ. ಪಕ್ಕದ ರಾಗಿ ಹೊಲದಲ್ಲಿ ಅವರ ಹೊಸ ಬಡಾವಣೆಯ ಫಲಕ ಈಗಾಗಲೇ ನಿಂತಿದೆ. ಅದರಲ್ಲಿ ತಮ್ಮ ಹೆಸರಿದೆ. ಎರಡನೆಯ ಬ್ಲಾಕಿಗಾಗಿ ಏಳನೆಯ ಹಂತದವರ ವಿಳಾಸವನ್ನೂ ಕೇಳಿ ಬರೆಯಲು ನನಗೆ ಹೇಳಿದ್ದಾರೆ.

ಇತಿ,
ತಮ್ಮ ಆಗಮನಾಕಾಂಕ್ಷಿ,
ಸದ್ಯಕ್ಕೆ ಟ್ಯಾಂಕರಿನ ಆಶ್ರಿತ