ಇಪ್ಪತ್ತಾರನೇ ವರ್ಷ

ಬಳ್ಳಾರಿಯವರು ಬಿಸಿಲನ್ನು ಬೇಡಿ ಪಡೆದವರಲ್ಲ. ಆದರೂ ಈಗ ಅದಕ್ಕೆ ಏಜೆಂಟರು ಹುಟ್ಟಿಕೊಂಡಿದ್ದಾರೆ. ಕೈಯಲ್ಲಿ ಬಣ್ಣದ ಕರಪತ್ರ, ಬಾಯಲ್ಲಿ ಮಾಳಿಗೆಯ ಮೇಲೆ ಸೌರ ಪ್ಯಾನಲ್ ಹಾಕಿಸುವ ಪಿಎಂ ಸೂರ್ಯಘರ್ ಯೋಜನೆ. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ, 25 ವರ್ಷ ಗ್ಯಾರಂಟಿ, ಆಮೇಲೆ ಚಿಂತೆಯೇ ಇಲ್ಲ. 'ಆಮೇಲೆ ಚಿಂತೆ ಯಾಕಿಲ್ಲಪ್ಪಾ?' ಎಂದರು ನಮ್ಮ ಓಣಿಯ ನಿವೃತ್ತ ಮೇಷ್ಟ್ರು. ಹುಡುಗ ಅವರ ನರೆತ ತಲೆ ನೋಡಿದ, ಮುಗುಳ್ನಕ್ಕ, ಉತ್ತರ ಹೇಳಲಿಲ್ಲ. ಎಪ್ಪತ್ತು ದಾಟಿದವರಿಗೆ ಇಪ್ಪತ್ತಾರನೇ ವರ್ಷದ ಮಾತು ಆಡುವುದು ಮರ್ಯಾದೆಯಲ್ಲ ಎಂದುಕೊಂಡಿರಬೇಕು.

ಮೇಷ್ಟ್ರ ಪಕ್ಕದ ಮನೆಯವರು ಮಾತ್ರ ಕಟ್ಟಾ ಪರಿಸರವಾದಿ. ಆದದ್ದು ಇತ್ತೀಚೆಗೆ, ವಾಟ್ಸ್ಆ್ಯಪ್‌ನಲ್ಲಿ. 'ಪ್ಯಾನಲ್‌ನಾಗ ಸೀಸ ಐತಂತ್ರೀ ಮೇಷ್ಟ್ರೇ, ಭೂಮಿಗೆ ಇಳಿದ್ರೆ ಮುಗೀತು!' ಗಣಿ ಉತ್ತುಂಗದಲ್ಲಿದ್ದಾಗ ಇವರವೇ ಲಾರಿಗಳು ತಾಡಪಾಲು ಹೊದಿಸದೆ ಅದಿರು ಸಾಗಿಸಿ, ಊರಿನ ಬಿಳಿ ಪಂಚೆಗಳನ್ನೆಲ್ಲ ಕೆಂಪು ಮಾಡಿದ್ದವು. ಆಗ ಅವರ ಮೊಬೈಲಿಗೆ ಭೂಮಿತಾಯಿಯ ಸಂದೇಶ ಬರುತ್ತಿರಲಿಲ್ಲ.

ಸೀಸ ಇರುವುದು ನಿಜ, ಬೆಸುಗೆಯಲ್ಲಿ, ಪ್ಯಾನಲ್‌ಗೆ ಕೆಲವು ಗ್ರಾಂ. ಆದರೆ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಬೇಕು. ಮೂರು ಕಿಲೋವ್ಯಾಟ್‌ಗೆ ಆರು ಪ್ಯಾನಲ್, ಒಟ್ಟು ತೂಕ ಒಂದೂವರೆ ಕ್ವಿಂಟಲ್ ಚಿಲ್ಲರೆ, ಅದರಲ್ಲಿ ಮುಕ್ಕಾಲು ಪಾಲು ಗಾಜು. ದಿನಕ್ಕೆ 12 ಯೂನಿಟ್ ಎಂದರೂ 25 ವರ್ಷಕ್ಕೆ ಲಕ್ಷ ಯೂನಿಟ್ ದಾಟುತ್ತದೆ. ಅದೇ ಲಕ್ಷ ಯೂನಿಟ್ಟನ್ನು ಕಲ್ಲಿದ್ದಲಿನಿಂದ ತೆಗೆಯಲು 70 ಟನ್‌ನಷ್ಟು ಸುಡಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ, ಅಂದರೆ 20 ಟನ್‌ಗೂ ಮೇಲೆ. ಕುಡತಿನಿಯ 1,700 ಮೆಗಾವ್ಯಾಟ್ ಸ್ಥಾವರದ ಮಗ್ಗುಲಲ್ಲೇ ಬದುಕುತ್ತಾ ಆ ಟನ್ನುಗಳಿಗೆ ಒಮ್ಮೆಯೂ ಕೆಮ್ಮದವರು, ಒಂದೂವರೆ ಕ್ವಿಂಟಲ್ ಗಾಜು ಕಂಡು ಕರವಸ್ತ್ರ ಹುಡುಕುತ್ತಿದ್ದಾರೆ.

ಹಾಗಂತ ಕರಪತ್ರದ ಹುಡುಗ ಹೇಳಿದಷ್ಟು ಶುದ್ಧವೂ ಅಲ್ಲ ಈ ವ್ಯವಹಾರ. ಬೆಣಚುಕಲ್ಲನ್ನು ಇದ್ದಿಲು, ಕಲ್ಲಿದ್ದಲಿನ ಜೊತೆ ಸುಮಾರು 2,000 ಡಿಗ್ರಿಯಲ್ಲಿ ಬೇಯಿಸಿದರೆ ಸಿಲಿಕಾನ್ ಸಿಗುತ್ತದೆ. ಅದನ್ನು ಶುದ್ಧ ಮಾಡಲು ಮತ್ತೆ ಕರೆಂಟು ಬೇಕು. ಜಗತ್ತಿನ ಬಹುಪಾಲು ಪಾಲಿಸಿಲಿಕಾನ್ ತಯಾರಾಗುವ ಚೀನಾದಲ್ಲಿ ಆ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನದೇ. ನಮ್ಮ ಹೊಗೆ ಅವರ ಆಕಾಶದಲ್ಲಿ, ನಮ್ಮ ಪುಣ್ಯ ನಮ್ಮ ಮಾಳಿಗೆಯ ಮೇಲೆ. (ಸಿರುಗುಪ್ಪದ ರೈಸ್‌ಮಿಲ್‌ಗಳಲ್ಲಿ ಸುಡುವ ಭತ್ತದ ಹೊಟ್ಟಿನ ಬೂದಿಯಲ್ಲೂ ಬಹುಪಾಲು ಸಿಲಿಕಾವೇ. ಆದರೆ ಅದು ಹೋಗಿ ಸೇರುವುದು ಬೈಕ್ ಸವಾರನ ಕಣ್ಣನ್ನು.) ಇಷ್ಟಾದರೂ, ತನ್ನ ತಯಾರಿಕೆಗೆ ತಗುಲಿದ ಶಕ್ತಿಯನ್ನು ಪ್ಯಾನಲ್ ನಮ್ಮ ಬಿಸಿಲಲ್ಲಿ ಒಂದೆರಡು ವರ್ಷದಲ್ಲೇ ತೀರಿಸಿಬಿಡುತ್ತದೆ. ಜಿಲ್ಲೆಯಲ್ಲಿ ಸಾಲವನ್ನು ಇಷ್ಟು ಬೇಗ ತೀರಿಸಿದ ಗಿರಾಕಿ ಇನ್ನೊಬ್ಬನಿಲ್ಲ.

ಇನ್ನೊಂದು ತಮಾಷೆ. ಪ್ಯಾನಲ್‌ನ ಶಕ್ತಿಯನ್ನು ಅಳೆಯುವುದು ಅದರ ಸಿಲಿಕಾನ್ ಬಿಲ್ಲೆಗಳು 25 ಡಿಗ್ರಿಯಲ್ಲಿದ್ದಾಗ. ಏಪ್ರಿಲ್ ಮಧ್ಯಾಹ್ನ ನಮ್ಮ ಮಾಳಿಗೆಯ ಮೇಲೆ ಅದರ ಮೈ 60 ಡಿಗ್ರಿ ದಾಟಿರುತ್ತದೆ. ಡಿಗ್ರಿ ಏರಿದಂತೆಲ್ಲ ಉತ್ಪಾದನೆ ಇಳಿದು, ಹತ್ತನೇ ಒಂದು ಭಾಗಕ್ಕೂ ಮಿಕ್ಕಿ ಸೋರಿಹೋಗುತ್ತದೆ. ಬಿಸಿಲು ತಿನ್ನಲೆಂದೇ ಹುಟ್ಟಿದ್ದಕ್ಕೂ ಬಳ್ಳಾರಿಯ ಬಿಸಿಲು ಅಜೀರ್ಣ.

ಕೆಟ್ಟುಹೋದ ಪ್ಯಾನಲ್ ಎಲ್ಲಿಗೆ ಹೋಗುತ್ತದೆ? ಸದ್ಯಕ್ಕೆ ನಮಗೆ ಗೊತ್ತಿರುವ ವಿಜ್ಞಾನಿ ಗುಜರಿ ಅಂಗಡಿಯವನೊಬ್ಬನೇ. ಅವನು ಮೊದಲು ಸುತ್ತಲಿನ ಅಲ್ಯೂಮಿನಿಯಂ ಚೌಕಟ್ಟು ಕಿತ್ತುಕೊಳ್ಳುತ್ತಾನೆ, ಅದಕ್ಕೆ ರೇಟು ಇದೆ. ಹಿಂದಿನ ಡಬ್ಬಿ ಒಡೆದು ವೈರು ಕತ್ತರಿಸುತ್ತಾನೆ, ತಾಮ್ರಕ್ಕೆ ಇನ್ನೂ ಒಳ್ಳೆಯ ರೇಟು. ಉಳಿದದ್ದನ್ನು ಸುತ್ತಿಗೆಯಿಂದ ಬಡಿದರೆ ಗಾಜು ನುಚ್ಚುನೂರಾಗುತ್ತದೆಯೇ ಹೊರತು ಬಿಡುವುದಿಲ್ಲ, ಒಳಗಿನ ಪ್ಲಾಸ್ಟಿಕ್ ಪದರಕ್ಕೆ ಕಚ್ಚಿಕೊಂಡೇ ಇರುತ್ತದೆ. ಕೂದಲೆಳೆಯಂಥ ಬೆಳ್ಳಿ ಗೆರೆಗಳೂ ಸೀಸವೂ ಸಿಲಿಕಾನ್ ಬಿಲ್ಲೆಗಳೂ ಅದರೊಳಗೇ. ಅವನ್ನು ಬಿಡಿಸುವ ಯಂತ್ರ ಅವನಲ್ಲಿಲ್ಲ, ಬಿಡಿಸಿ ಲಾಭವೂ ಇಲ್ಲ. ಆದ್ದರಿಂದ ಅದು ಜಾಲಿಗಿಡದ ಮರೆಗೆ ಹೋಗುತ್ತದೆ.

ಸರ್ಕಾರ ಸುಮ್ಮನಿಲ್ಲ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಪ್ಯಾನಲ್‌ಗಳನ್ನೂ ಸೇರಿಸಿದೆ, ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲೂ ಇದೆ. ಏನು ಮಾಡಬೇಕಂತೆ? ತಯಾರಕರು 2034-35ರವರೆಗೆ ಈ ತ್ಯಾಜ್ಯವನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಇಂತಿಷ್ಟು ಮರುಬಳಕೆ ಮಾಡಲೇಬೇಕೆಂಬ ಗುರಿ ಸದ್ಯಕ್ಕಿಲ್ಲ. ಕಸವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದಕ್ಕೆ ನಮ್ಮಲ್ಲಿ ನೀತಿ ಎಂದು ಹೆಸರು.

ಪಾವಗಡದಲ್ಲಿ ಸೋಲಾರ್ ಪಾರ್ಕಿಗೆಂದು 13,000 ಎಕರೆ ಹೊಲ ಗುತ್ತಿಗೆಗೆ ಹೋಯಿತು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಅದನ್ನು ಕೇಳಿದ ಕುರುಗೋಡು ಕಡೆಯ ಮೆಣಸಿನಕಾಯಿ ಬೆಳೆಗಾರರೊಬ್ಬರು ಮಂತ್ರಿ-ಮಾಗಧರು ಯಾರೂ ಕೇಳದ ಪ್ರಶ್ನೆ ಕೇಳಿದರು: 'ಗುತ್ತಿಗೆ ಮುಗಿದ ಮ್ಯಾಲೆ ಹೊಲ ವಾಪಸ್ ಕೊಡ್ತೀರಿ, ಸರಿ. ಹೊಲದಾಗಿನ ಗಾಜು ಯಾರು ಆರಿಸಬೇಕು?'

ಈ ಪ್ರಶ್ನೆ ಬಳ್ಳಾರಿಗೆ ಹೊಸದಲ್ಲ. ಇಲ್ಲಿ ಗುಡ್ಡ ಅಗೆದದ್ದು ಮೊದಲು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು ಆಮೇಲೆ. ಹಾಳಾದದ್ದನ್ನು ಸರಿಪಡಿಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿದ್ದು ಅದಕ್ಕೂ ಆಮೇಲೆ. ಅಲ್ಲಿ ಇಪ್ಪತ್ತು ಸಾವಿರ ಕೋಟಿಗೂ ಮೀರಿ ಹಣ ಜಮೆಯಾಯಿತು. ಹಣ ಬೆಳೆದಷ್ಟು ಬೇಗ ಗುಡ್ಡದ ಮೇಲೆ ಹುಲ್ಲು ಬೆಳೆಯಲಿಲ್ಲ. ರಾಜ್ಯದ ಸೌರ ಸಾಮರ್ಥ್ಯ ಈಗ 9,000 ಮೆಗಾವ್ಯಾಟ್ ದಾಟಿದೆ. ಇದಕ್ಕೂ ಒಂದು ಪುನಶ್ಚೇತನ ನಿಗಮ, ಅದಕ್ಕೊಬ್ಬ ಅಧ್ಯಕ್ಷ, ಅಧ್ಯಕ್ಷರಿಗೊಂದು ಕಾರು 2045ರ ಹೊತ್ತಿಗೆ ಖಂಡಿತ ಬಂದೀತು.

ಅಷ್ಟರವರೆಗೆ ಕಾಯುವುದು ಬೇಡ. ಪ್ಯಾನಲ್ ಹಾಕಿಸಿ, ಧಾರಾಳವಾಗಿ ಹಾಕಿಸಿ. ಆದರೆ ಕರಾರಿನಲ್ಲಿ ಎರಡು ಸಾಲು ಬರೆಸಿಕೊಳ್ಳಿ: ಬಾಳಿಕೆ ಮುಗಿದ ಮೇಲೆ ಇಳಿಸಿ ಒಯ್ಯುವವರು ಯಾರು, ಅದರ ಖರ್ಚು ಯಾರದು. ಬರೆದುಕೊಡದಿದ್ದರೆ ಮುಂಗಡ ಕೊಡಬೇಡಿ.